ಕೆಟ್ಟ ಲ್ಯಾಪ್‌ಟಾಪ್‌ನ ಬಿಡಿಭಾಗಗಳು: ದೋಷ ಪತ್ತೆ, ಪರೀಕ್ಷೆ ಮತ್ತು ಮಾರಾಟ

ಲ್ಯಾಪ್‌ಟಾಪ್ ಇನ್ನು ಕೆಲಸಕ್ಕೆ ಬಾರದು ಎಂದು ಮನೆಯವರು ಕೈಬಿಡುವ ಹೊತ್ತಿಗೆ ಅದರೊಳಗೆ ಕೆಟ್ಟಿರುವುದು ಸಾಮಾನ್ಯವಾಗಿ ಒಂದೋ ಎರಡೋ ಭಾಗ ಮಾತ್ರ. ರ‍್ಯಾಮ್, ಡಿಸ್ಕ್, ಪರದೆ, ಕೀಬೋರ್ಡ್, ಫ್ಯಾನ್, ವೈಫೈ ಕಾರ್ಡ್, ಚಾರ್ಜರ್ ಇವುಗಳಲ್ಲಿ ಹೆಚ್ಚಿನವು ಇನ್ನೊಂದು ಯಂತ್ರದಲ್ಲಿ ವರ್ಷಗಟ್ಟಲೆ ದುಡಿಯಬಲ್ಲವು. ಆದರೆ ಯಂತ್ರ ನಿಂತದ್ದು ಯಾವುದರಿಂದ ಎಂದು ಪತ್ತೆ ಮಾಡದೆ, ಸ್ಕ್ರೂ ಬಿಚ್ಚಿ ಸಿಕ್ಕಿದ್ದನ್ನೆಲ್ಲ ಮಾರಲು ಹೊರಟರೆ, ಯಾವ ಭಾಗವನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂಬುದು ಮಾರುವವನಿಗೇ ತಿಳಿದಿರುವುದಿಲ್ಲ. ಬಿಡಿಭಾಗದ ಬೆಲೆ ನಿಂತಿರುವುದು ಅದು ನಡೆಯುತ್ತದೆ ಎಂದು ತೋರಿಸಿಕೊಡುವ ಪರೀಕ್ಷೆಯ ಮೇಲೆ, ಮತ್ತು ಆ ಪರೀಕ್ಷೆ ಎಲ್ಲಿಂದ ಶುರುವಾಗಬೇಕು ಎಂಬುದನ್ನು ನಿರ್ಧರಿಸುವುದು ಯಂತ್ರ ಕೆಟ್ಟ ಕಾರಣ. ಈ ಕೈಪಿಡಿಯ ಕ್ರಮವೂ ಅದೇ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್ ಸೆಟ್, ಕ್ಲಿಪ್ ಬಿಡಿಸಲು ಪ್ಲಾಸ್ಟಿಕ್ ಪಟ್ಟಿ, ಟಾರ್ಚ್, ಮೃದುವಾದ ಬ್ರಷ್, ಐಸೊಪ್ರೊಪೈಲ್ ಆಲ್ಕೋಹಾಲ್ (ಬೇಗ ಆರುವ, ಶುಚಿ ಮಾಡುವ ದ್ರವ) ಮತ್ತು ಒಂದು ಪೆನ್ ಡ್ರೈವ್ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆಗೆಂದೇ ಮೀಸಲಿಟ್ಟ, ಸರಿಯಾಗಿ ನಡೆಯುತ್ತಿರುವ ಒಂದು ಹಳೆಯ ಲ್ಯಾಪ್‌ಟಾಪ್. ಅದು ಇಲ್ಲದಿದ್ದರೆ ರ‍್ಯಾಮ್ ಮತ್ತು ಡಿಸ್ಕ್‌ನ ಬಗ್ಗೆ ಹೇಳುವುದೆಲ್ಲ ಬರೀ ಊಹೆಯಾಗುತ್ತದೆ.

ಯಾವುದರಿಂದ ಕೆಟ್ಟಿತು

ಯಂತ್ರವನ್ನು ತಂದವರನ್ನು ಮೊದಲು ಕೂರಿಸಿ ಕೇಳಬೇಕು: ಕೊನೆಯ ಸಲ ಸರಿಯಾಗಿ ನಡೆದದ್ದು ಯಾವಾಗ, ಆಗ ಚಾರ್ಜರ್ ಹಾಕಿತ್ತೇ, ಮಳೆ ಗುಡುಗು ಇತ್ತೇ, ಏನಾದರೂ ಚೆಲ್ಲಿತ್ತೇ, ಕೈಜಾರಿ ಬಿದ್ದಿತ್ತೇ, ಮುಚ್ಚಿಟ್ಟು ಎಷ್ಟು ತಿಂಗಳಾಯಿತು. ಕೊಡಗಿನಲ್ಲಿ ಲ್ಯಾಪ್‌ಟಾಪ್ ಕೆಡುವ ಬಗೆಗಳು ಬಯಲುಸೀಮೆಗಿಂತ ಸ್ವಲ್ಪ ಬೇರೆ, ಮತ್ತು ಒಂದೊಂದು ಬಗೆಯೂ ಒಳಗೆ ತನ್ನದೇ ಗುರುತನ್ನು ಬಿಟ್ಟುಹೋಗಿರುತ್ತದೆ.

ಕಾಫಿಗೆ ಹೂಮಳೆ ಬೀಳುವ ಮಾರ್ಚ್, ಏಪ್ರಿಲ್‌ನಿಂದ ಮುಂಗಾರು ಹಿಡಿಯುವವರೆಗೆ ಸಿಡಿಲಿನ ಕಾಲ. ಸಿಡಿಲಿನ ಪೆಟ್ಟು ಲ್ಯಾಪ್‌ಟಾಪಿಗೆ ಬರುವುದು ಎರಡು ದಾರಿಗಳಿಂದ: ಒಂದು ಚಾರ್ಜರ್, ಇನ್ನೊಂದು ಲ್ಯಾನ್ ತಂತಿ. ಮನೆಗೆ ಬಂದಿರುವುದು ಫೈಬರ್ ಆಗಿದ್ದರೆ ಅಪಾಯವಿಲ್ಲ ಎಂದು ಹಲವರು ನಂಬಿದ್ದಾರೆ. ಫೈಬರ್ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಅದನ್ನು ಜೋಡಿಸಿರುವ ಪೆಟ್ಟಿಗೆಗೆ ಕರೆಂಟು ಬರುವುದು ಗೋಡೆಯ ಪ್ಲಗ್‌ನಿಂದಲೇ, ಅಲ್ಲಿಂದ ಲ್ಯಾಪ್‌ಟಾಪಿಗೆ ಹೋಗುವುದು ತಾಮ್ರದ ತಂತಿಯೇ. ಸಿಡಿಲಿನ ಪ್ರಕರಣದಲ್ಲಿ ಚಾರ್ಜರ್, ಚಾರ್ಜಿಂಗ್ ಜ್ಯಾಕ್, ಮದರ್‌ಬೋರ್ಡಿನ (ಎಲ್ಲ ಭಾಗಗಳೂ ಬಂದು ಸೇರುವ ಮುಖ್ಯ ಬೋರ್ಡು) ವಿದ್ಯುತ್ ಭಾಗ ಮತ್ತು ಲ್ಯಾನ್ ಪೋರ್ಟ್ ಅನುಮಾನದ ಪಟ್ಟಿಗೆ ಸೇರುತ್ತವೆ; ಪರದೆ, ಕೀಬೋರ್ಡ್ ಮತ್ತು ಫ್ಯಾನ್ ಸಾಮಾನ್ಯವಾಗಿ ಉಳಿದಿರುತ್ತವೆ.

ವೋಲ್ಟೇಜ್ ಕಡಿಮೆ ಇರುವುದರಿಂದ ಲ್ಯಾಪ್‌ಟಾಪ್ ಕೆಟ್ಟಿತು ಎಂಬ ಮಾತನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಬಾರದು. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ಹೊತ್ತು ಬಲ್ಬು ಕೆಂಪಾಗಿ ಉರಿಯುವುದು ಉಂಟು. ಆದರೆ ಹೆಚ್ಚಿನ ಲ್ಯಾಪ್‌ಟಾಪ್ ಚಾರ್ಜರ್‌ಗಳು 100ರಿಂದ 240 ವೋಲ್ಟ್‌ವರೆಗೆ ನಡೆಯುವಂತೆ ಮಾಡಿದವು. ಕೆಡಿಸುವುದು ಕರೆಂಟು ಹೋಗಿ ಮರಳಿ ಬರುವಾಗಿನ ಏರಿಳಿತ ಮತ್ತು ಸಡಿಲವಾದ ಪ್ಲಗ್ಗಿನಲ್ಲಿ ಹಾರುವ ಕಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದ್ದು ನಿಧಾನದ ಕೆಲಸ. ದಿನವೂ ಬಳಸುವ ಯಂತ್ರ ತನ್ನ ಬಿಸಿಗೆ ತಾನೇ ಒಣಗಿಕೊಂಡಿರುತ್ತದೆ; ಬೀರುವಿನಲ್ಲಿ ಮುಚ್ಚಿಟ್ಟು ಮಳೆಗಾಲ ಕಳೆದ ಯಂತ್ರವೇ ಹೆಚ್ಚು ಹಾಳಾಗುತ್ತದೆ. ಕನೆಕ್ಟರ್‌ಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ, ಸ್ಕ್ರೂಗಳ ತಲೆಯಲ್ಲಿ ತುಕ್ಕು, ಪರದೆಯ ಅಂಚಿನಿಂದ ಒಳಕ್ಕೆ ಹಬ್ಬಿದ ಬೂಸ್ಟಿನಂಥ ಕಲೆ, ಇವು ತೇವದ ಗುರುತುಗಳು. ಇಂಥ ಯಂತ್ರದಲ್ಲಿ ಯಾವ ಭಾಗವನ್ನೂ ಪರೀಕ್ಷೆಗೆ ಮುಂಚೆ ಒಳ್ಳೆಯದು ಎನ್ನುವಂತಿಲ್ಲ, ಆದರೆ ಶುಚಿ ಮಾಡಿದರೆ ಬದುಕುವ ಭಾಗಗಳೂ ಇದರಲ್ಲೇ ಹೆಚ್ಚು.

ನೀರು ಬಿದ್ದದ್ದಕ್ಕಿಂತ ಹಾಲು, ಸಕ್ಕರೆ ಹಾಕಿದ ಕಾಫಿ ಚೆಲ್ಲಿದ್ದು ಕೆಟ್ಟದು. ನೀರು ಆರುತ್ತದೆ, ಕಾಫಿ ಆರಿದ ಮೇಲೂ ಅಂಟು ಉಳಿಯುತ್ತದೆ, ಅದು ಗಾಳಿಯ ತೇವವನ್ನು ಹಿಡಿದಿಟ್ಟುಕೊಂಡು ತಿಂಗಳುಗಳ ನಂತರವೂ ತಾಮ್ರವನ್ನು ತಿನ್ನುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದಂತೂ ಬೇಡವೇ ಬೇಡ, ಹೊಗೆಯ ಜಿಡ್ಡು ಬೋರ್ಡಿನ ಮೇಲೆಲ್ಲ ಕೂರುತ್ತದೆ. ಬ್ಯಾಟರಿ ಕಳಚಿ, ಬಿಚ್ಚಿ, ಅಂಟಿರುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಮಾಡುವುದೊಂದೇ ದಾರಿ.

ಬಿದ್ದ ಯಂತ್ರದಲ್ಲಿ ಮೊದಲು ಸಂಶಯಿಸಬೇಕಾದವು ತಿರುಗುವ ಹಾರ್ಡ್ ಡಿಸ್ಕ್, ಪರದೆ ಮತ್ತು ಹಿಂಜ್ (ಪರದೆಯನ್ನು ಮೈಗೆ ಜೋಡಿಸುವ ಕೀಲು). ಧೂಳು ಕಟ್ಟಿ ಬಿಸಿಯಾಗಿ ನಿಂತ ಯಂತ್ರದಲ್ಲಿ ಫ್ಯಾನ್ ಮತ್ತು ಮದರ್‌ಬೋರ್ಡ್.

ಇನ್ನೊಂದು ಕಾರಣ ತೋಟದ ಮನೆಗಳಲ್ಲಿ ಆಗಾಗ ಕಾಣುತ್ತದೆ, ಆದರೆ ಯಂತ್ರ ತಂದವರು ಹೇಳುವುದಿಲ್ಲ, ಏಕೆಂದರೆ ಅವರಿಗೆ ಗೊತ್ತಿರುವುದಿಲ್ಲ. ನಾಪೋಕ್ಲು ಕಡೆಯ ತೋಟವೊಂದರ ರೈಟರ್ (ಲೆಕ್ಕ ಬರೆಯುವ ನೌಕರ) ಬಳಸುತ್ತಿದ್ದ ಯಂತ್ರ ಚಾರ್ಜ್ ಆಗುತ್ತಿತ್ತು, ದೀಪವೂ ಉರಿಯುತ್ತಿತ್ತು, ಆದರೆ ಪವರ್ ಬಟನ್ ಒತ್ತಿದರೆ ಆನ್ ಆಗುತ್ತಿರಲಿಲ್ಲ. ತಳದ ಮುಚ್ಚಳ ತೆಗೆದಾಗ ವೈಫೈ ಕಾರ್ಡಿನ ಕೆಳಗೆ ಅಕ್ಕಿನುಚ್ಚಿನಂತೆ ಇರುವೆ ಮೊಟ್ಟೆಗಳ ರಾಶಿ, ಅದರ ಸುತ್ತ ಕಂದು ಮಣ್ಣಿನ ಪುಡಿ, ಪವರ್ ಬಟನ್ನಿನ ರಿಬ್ಬನ್ ಕೇಬಲ್ ಹೋಗಿ ಸೇರುವ ಕನೆಕ್ಟರಿನ ಎರಡು ಕಾಲುಗಳ ನಡುವೆ ಜಜ್ಜಿಹೋದ ಇರುವೆಗಳು ಮತ್ತು ಹಸಿರು ಕಲೆ ಇದ್ದವು. ಬ್ರಷ್ ಮಾಡಿ ಒಣಗಿಸಿದ ಮೇಲೆ ಬಟನ್ ಕೆಲಸ ಮಾಡಿತು. ಬಿಡಿಭಾಗಗಳಿಗೆಂದು ತೂಕಕ್ಕೆ ಹೋಗಬೇಕಿದ್ದ ಯಂತ್ರ ಹಾಗೆಯೇ ರೈಟರ್ ಮೇಜಿಗೆ ವಾಪಸಾಯಿತು. ಮಾರುವ ಯೋಚನೆಗೆ ಮುಂಚೆ ದೋಷ ಪತ್ತೆ ಮಾಡಿ ಎನ್ನುವುದು ಇದಕ್ಕಾಗಿಯೂ ಹೌದು.

ಬಿಚ್ಚುವ ಮೊದಲು

ಯಂತ್ರ ಯಾರದು ಎಂಬುದು ಮೊದಲ ಪ್ರಶ್ನೆ. ಹಿಂಬದಿಯಲ್ಲಿ ಯಾವುದಾದರೂ ಸಂಸ್ಥೆಯ ಆಸ್ತಿ ಸಂಖ್ಯೆಯ ಚೀಟಿ ಇದ್ದರೆ, ಅಥವಾ ಆನ್ ಆದ ಕೂಡಲೇ ಬಯೋಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಪಾಸ್‌ವರ್ಡ್ ಕೇಳಿ ತಂದವರಿಗೆ ಅದು ಗೊತ್ತಿಲ್ಲದಿದ್ದರೆ, ಬಿಲ್ಲು ಅಥವಾ ಸಂಸ್ಥೆಯ ಪತ್ರ ಕಾಣುವವರೆಗೆ ಸ್ಕ್ರೂಡ್ರೈವರ್ ಮುಟ್ಟಬಾರದು. ಕೊಂಡದ್ದಕ್ಕೆ ಸೀರಿಯಲ್ ನಂಬರ್ ನಮೂದಿಸಿ ಮಾರುವವರ ಸಹಿ ಪಡೆದ ಒಂದು ಚೀಟಿಯನ್ನು ಇಟ್ಟುಕೊಳ್ಳುವುದು ಅಂಗಡಿಗೆ ಶ್ರೀರಕ್ಷೆ.

ಎರಡನೆಯದು ಡಿಸ್ಕ್‌ನಲ್ಲಿರುವ ಮಾಹಿತಿ. ಮದುವೆ ಫೋಟೋ, ತೋಟದ ಲೆಕ್ಕ, ಬ್ಯಾಂಕ್ ಕಾಗದ ಎಲ್ಲವೂ ಅಲ್ಲೇ ಇರುತ್ತದೆ. ಈಚಿನ ಹಲವು ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ತಾನಾಗಿಯೇ ಚಾಲೂ ಆಗಿರುತ್ತದೆ. ಅಂಥ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದು ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಮಾಲೀಕರು ಎದುರಿಗಿರುವಾಗಲೇ ಇದನ್ನು ತೆಗೆಸಿಕೊಂಡು, ಬೇಕಾದ ಕಡತಗಳನ್ನು ನಕಲು ಮಾಡಿಕೊಡಬೇಕು. ಡಿಸ್ಕ್ ವಾಪಸು ಬೇಕೆಂದರೆ ಮರುಮಾತಿಲ್ಲದೆ ಕೊಟ್ಟುಬಿಡುವುದು ಒಳ್ಳೆಯದು; ಅದರಿಂದ ಬರುವ ಹಣಕ್ಕಿಂತ ತಂಟೆ ದೊಡ್ಡದು.

ಚಾರ್ಜರ್ ಮತ್ತು ವಿದ್ಯುತ್ ದಾರಿ

ಏನೂ ಆನ್ ಆಗದ ಯಂತ್ರದಲ್ಲಿ ಮೊದಲು ಚಾರ್ಜರ್ ಮತ್ತು ಬ್ಯಾಟರಿ ಎರಡನ್ನೂ ಕಳಚಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿಹಿಡಿದು, ಬರೀ ಚಾರ್ಜರ್‌ನಿಂದ ಆನ್ ಮಾಡಿ ನೋಡಬೇಕು. ಇಷ್ಟಕ್ಕೇ ಎದ್ದುಬಿಡುವ ಯಂತ್ರಗಳಿವೆ.

ದುಂಡು ಪಿನ್ನಿನ ಚಾರ್ಜರ್ ಆದರೆ ಹೊರ ಸಿಲಿಂಡರ್ ಮತ್ತು ಒಳ ಸಿಲಿಂಡರ್ ನಡುವೆ ಮಲ್ಟಿಮೀಟರ್‌ನಲ್ಲಿ ಅಳೆದಾಗ ಚೀಟಿಯ ಮೇಲಿರುವ ವೋಲ್ಟೇಜ್, ಅಂದರೆ ಸಾಮಾನ್ಯವಾಗಿ 19, 19.5 ಅಥವಾ 20 ವೋಲ್ಟ್, ಕಾಣಬೇಕು. ಡೆಲ್ ಮತ್ತು ಎಚ್‌ಪಿ ಚಾರ್ಜರ್‌ಗಳ ತುದಿಯ ನಟ್ಟನಡುವೆ ಇರುವ ಸೂಜಿಯಂಥ ಪಿನ್ ವಿದ್ಯುತ್ತಿನದಲ್ಲ, ಚಾರ್ಜರ್ ಯಾವುದೆಂದು ಯಂತ್ರಕ್ಕೆ ತಿಳಿಸುವುದು. ಅದು ಮುರಿದಿದ್ದರೆ ಯಂತ್ರ ಆನ್ ಆಗುತ್ತದೆ ಆದರೆ ಬ್ಯಾಟರಿ ಚಾರ್ಜ್ ಆಗದಿರಬಹುದು. ಯುಎಸ್‌ಬಿ ಸಿ ಚಾರ್ಜರಿಗೆ ಈ ಅಳತೆ ನಡೆಯುವುದಿಲ್ಲ. ಯಂತ್ರ ಜೋಡಣೆಯಾಗಿದೆ ಎಂದು ಗೊತ್ತಾಗುವವರೆಗೆ ಅದು ವಿದ್ಯುತ್ತನ್ನೇ ಬಿಡುವುದಿಲ್ಲ, ಗೊತ್ತಾದ ಮೇಲೂ 5 ವೋಲ್ಟ್‌ನಿಂದ ಶುರುಮಾಡಿ ಯಂತ್ರ ಕೇಳಿದಷ್ಟಕ್ಕೆ ಏರಿಸುತ್ತದೆ. ಆದ್ದರಿಂದ ಮೀಟರಿನಲ್ಲಿ ಸೊನ್ನೆ ಕಂಡಿತೆಂದು ಒಳ್ಳೆಯ ಸಿ ಚಾರ್ಜರನ್ನು ಗುಜರಿಗೆ ಹಾಕಬೇಡಿ; ಸರಿಯಾಗಿರುವ ಯಂತ್ರಕ್ಕೆ ಹಾಕಿಯೇ ನೋಡಬೇಕು.

ಭಾರವಿಲ್ಲದೆ ಅಳೆದ ವೋಲ್ಟೇಜ್ ಅರ್ಧ ಸತ್ಯ ಮಾತ್ರ. ಒಳಗಿನ ಕೆಪಾಸಿಟರ್ ಸೊರಗಿದ ಚಾರ್ಜರ್ ಮೀಟರಿಗೆ 19 ವೋಲ್ಟ್ ತೋರಿಸಿ, ಯಂತ್ರ ಜೋರಾಗಿ ದುಡಿಯತೊಡಗಿದ ಕೂಡಲೇ ಕೈಬಿಡುತ್ತದೆ. ಪರೀಕ್ಷೆಯ ಲ್ಯಾಪ್‌ಟಾಪಿಗೆ ಹಾಕಿ, ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೇ ಒಂದು ವೀಡಿಯೊ ಓಡಿಸಿ, ಅರ್ಧ ಗಂಟೆಯಲ್ಲಿ ಸಂಪರ್ಕ ತಪ್ಪುತ್ತದೆಯೇ, ತಂತಿ ಬುಡದಲ್ಲಿ ಬಾಗಿಸಿದಾಗ ಏನಾಗುತ್ತದೆ ಎಂದು ನೋಡಬೇಕು. ಅಗ್ಗದ ಇನ್ವರ್ಟರ್ ಮೇಲೆ ಚಾರ್ಜರ್ ಗುಂಯ್‌ಗುಡುವುದು ಚಾರ್ಜರಿನ ದೋಷವಾಗಿರಬೇಕಿಲ್ಲ. ಲೈನ್ ಕರೆಂಟಿನಲ್ಲೂ ಸದ್ದು ಇದೆಯೇ ಎಂದು ಹೋಲಿಸಿ.

ಚಾರ್ಜರ್ ಸರಿಯಿದ್ದು, ಯಂತ್ರಕ್ಕೆ ಚುಚ್ಚಿದ ತಕ್ಷಣ ಚಾರ್ಜರಿನ ದೀಪ ಆರಿಹೋದರೆ ಒಳಗೆ ಶಾರ್ಟ್ ಇದೆ. ಬ್ಯಾಟರಿ ಕಳಚಿ, ಚಾರ್ಜಿಂಗ್ ಜ್ಯಾಕ್‌ನ ಕೇಬಲನ್ನು ಬೋರ್ಡಿನಿಂದ ಬಿಡಿಸಿ ಮತ್ತೆ ಚುಚ್ಚಿ. ಆಗಲೂ ದೀಪ ಆರಿದರೆ ತಪ್ಪು ಜ್ಯಾಕ್‌ನದು, ಅದು ಹೆಚ್ಚು ಬೆಲೆಯ ವಸ್ತುವಲ್ಲ. ಉರಿಯುತ್ತಿದ್ದರೆ ತಪ್ಪು ಬೋರ್ಡಿನದು. ಬೋರ್ಡಿನ ಮುಖ್ಯ ವಿದ್ಯುತ್ ಸಾಲಿನಿಂದ ಗ್ರೌಂಡ್‌ಗೆ ಮೀಟರ್ ಇಟ್ಟಾಗ ಒಂದೆರಡು ಓಮ್ ಅಥವಾ ಅದಕ್ಕೂ ಕಡಿಮೆ ಕಂಡರೆ ಶಾರ್ಟ್ ಖಚಿತ. ಎಷ್ಟೋ ಸಲ ಕಾರಣ ಒಂದೇ ಒಂದು ಸಣ್ಣ ಸಿರಾಮಿಕ್ ಕೆಪಾಸಿಟರ್ ಅಥವಾ ಮಾಸ್‌ಫೆಟ್ (ವಿದ್ಯುತ್ ಹರಿವನ್ನು ನಿಯಂತ್ರಿಸುವ ಪುಟ್ಟ ಸ್ವಿಚ್) ಆಗಿರುತ್ತದೆ. ಚಿಪ್ ಮಟ್ಟದ ಕೆಲಸ ಬಲ್ಲವರು ಅದನ್ನು ತೆಗೆದು ಬೋರ್ಡನ್ನು ಬದುಕಿಸುತ್ತಾರೆ. ಆ ಕೆಲಸ ಬಾರದಿದ್ದರೆ ಬೋರ್ಡಿಗೆ ಕೈಹಾಕಬೇಡಿ. ಯಾರೂ ಮುಟ್ಟದ ಕೆಟ್ಟ ಬೋರ್ಡಿಗೆ ಗಿರಾಕಿ ಇದ್ದಾನೆ, ಹೀಟ್ ಗನ್ನಿನಿಂದ ಸುಟ್ಟ ಬೋರ್ಡಿಗೆ ಇಲ್ಲ.

ರ‍್ಯಾಮ್

ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂಬ ದೂರಿನಲ್ಲಿ ರ‍್ಯಾಮ್‌ನ ಪಾಲು ದೊಡ್ಡದು, ಮಳೆಗಾಲದಲ್ಲಿ ಇನ್ನೂ ದೊಡ್ಡದು. ಎರಡು ಪಟ್ಟಿಗಳಿದ್ದರೆ ಒಂದನ್ನು ತೆಗೆದು, ಒಂದೊಂದನ್ನೇ ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿ. ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ, ಆಲ್ಕೋಹಾಲ್‌ನಲ್ಲಿ ಸವರಿ ಮತ್ತೆ ಕೂರಿಸಿದಾಗ ಅರ್ಧಕ್ಕರ್ಧ ದೂರುಗಳು ಅಲ್ಲಿಗೇ ತೀರುತ್ತವೆ. ಪಟ್ಟಿಯನ್ನು ಬದಲಿಸಿದರೂ ಒಂದು ಸ್ಲಾಟ್ ಮಾತ್ರ ಕೆಲಸ ಮಾಡದಿದ್ದರೆ ಪಟ್ಟಿಗಳು ಒಳ್ಳೆಯವು, ಬೋರ್ಡ್ ಕೆಟ್ಟಿದೆ.

ಮಾರುವುದಕ್ಕೆ ಇಷ್ಟು ಸಾಲದು. ಪರೀಕ್ಷೆಯ ಯಂತ್ರದಲ್ಲಿ ಆ ಪಟ್ಟಿಯೊಂದನ್ನೇ ಹಾಕಿ, ಪೆನ್ ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶ ಓಡಿಸಬೇಕು. ಒಂದೇ ಒಂದು ದೋಷ ಕೆಂಪಕ್ಷರದಲ್ಲಿ ಬಂದರೂ ಅದನ್ನು ಮಾರುವಂತಿಲ್ಲ. ರ‍್ಯಾಮ್‌ನಲ್ಲಿ ಸ್ವಲ್ಪ ಕೆಟ್ಟದ್ದು ಎಂಬುದು ಇಲ್ಲ. ಪರೀಕ್ಷೆ ಪೂರ್ತಿಯಾದಾಗಿನ ಪರದೆಯ ಫೋಟೋ ಮತ್ತು ಪಟ್ಟಿಯ ಚೀಟಿಯ ಫೋಟೋ ಎರಡನ್ನೂ ಇಟ್ಟುಕೊಳ್ಳಿ.

ಕೊಳ್ಳುವವರು ಎಡವುವುದು ತಳಿಯ ಗೊಂದಲದಲ್ಲಿ. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕಚ್ಚು ಇರುವ ಜಾಗವೂ ಬೇರೆ, ಆದ್ದರಿಂದ ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ತೊಂದರೆ ಕೊಡುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್. ನೋಡಲು ಎರಡೂ ಒಂದೇ, ಆದರೆ ಮೊದಲನೆಯದು 1.5 ವೋಲ್ಟಿನದು, ಎರಡನೆಯದು 1.35 ವೋಲ್ಟಿನಲ್ಲೂ ನಡೆಯುವುದು, 1.35 ಮಾತ್ರ ಕೊಡುವ ಬೋರ್ಡಿನಲ್ಲಿ ಬರೀ ಡಿಡಿಆರ್3 ಪಟ್ಟಿ ಕೆಲಸ ಮಾಡುವುದಿಲ್ಲ. ಚೀಟಿಯಲ್ಲಿ ಪಿಸಿ3 ಎಂದಿದೆಯೋ ಪಿಸಿ3ಎಲ್ ಎಂದಿದೆಯೋ ನೋಡಿ, ಅದನ್ನೇ ಗಿರಾಕಿಗೆ ಬರೆದು ತಿಳಿಸಿದರೆ ಮರಳಿ ಬರುವ ಮಾಲು ಕಡಿಮೆಯಾಗುತ್ತದೆ. ತೆಳ್ಳಗಿನ ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಅಲ್ಲಿ ಈ ಮಾತೇ ಇಲ್ಲ.

ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿ

ಡಿಸ್ಕಿನ ಆರೋಗ್ಯವನ್ನು ಡಿಸ್ಕೇ ಬರೆದಿಟ್ಟುಕೊಂಡಿರುತ್ತದೆ; ಸ್ಮಾರ್ಟ್ ಎಂಬ ಆ ದಾಖಲೆಯನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಉಚಿತ ತಂತ್ರಾಂಶದಿಂದ ಓದಬಹುದು. ತಂತ್ರಾಂಶ ತೋರಿಸುವ ‘ಗುಡ್’ ಎಂಬ ನೀಲಿ ಚೌಕವನ್ನಷ್ಟೇ ನಂಬಿ ಕೂರಬೇಡಿ. ಡಿಸ್ಕಿನ ಒಂದೊಂದು ಸಣ್ಣ ಖಾನೆಯನ್ನು ಸೆಕ್ಟರ್ ಎನ್ನುತ್ತಾರೆ. 05ನೆಯ ಸಾಲು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳದು, ಸಿ5 ಓದಲಾಗದೆ ತೀರ್ಮಾನಕ್ಕೆ ಕಾದಿರುವವುಗಳದು, ಸಿ6 ಸರಿಪಡಿಸಲಾಗದವುಗಳದು. ತಿರುಗುವ ಡಿಸ್ಕಿನಲ್ಲಿ ಈ ಮೂರೂ ಸೊನ್ನೆ ಇದ್ದರೆ ಮಾರಲು ಯೋಗ್ಯ. ಸಿ5 ಏರುತ್ತಿರುವ ಡಿಸ್ಕನ್ನು ಎಷ್ಟೇ ಕಡಿಮೆ ಬೆಲೆಗೂ ಮಾರಬಾರದು, ಏಕೆಂದರೆ ಅದರಲ್ಲಿ ಇನ್ನೊಬ್ಬರು ತಮ್ಮ ಮಗುವಿನ ಫೋಟೋ ಇಡುತ್ತಾರೆ. ಸಿ7 ಮಾತ್ರ ಏರಿದ್ದರೆ ಹೆದರಬೇಕಿಲ್ಲ, ಹೆಚ್ಚಿನ ಸಲ ಅದು ಕೇಬಲ್ ಅಥವಾ ಕನೆಕ್ಟರಿನ ದೂರು. ಕನೆಕ್ಟರ್ ಶುಚಿಮಾಡಿ, ಸಂಖ್ಯೆ ಅಲ್ಲಿಗೇ ನಿಂತಿತೇ ನೋಡಿ. ಆದರೆ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಮಾಡುವ ಡಿಸ್ಕ್ ಕೆಟ್ಟಿದೆ ಎಂದೇ ಲೆಕ್ಕ, ಅದಕ್ಕೆ ಪರೀಕ್ಷೆ ಬೇಕಿಲ್ಲ.

ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲೇ ಮಾಹಿತಿ ಇಡುವ ಡಿಸ್ಕ್) ನೋಡಬೇಕಾದುದು ಎಷ್ಟು ಪಾಲು ಆಯುಷ್ಯ ಬಳಕೆಯಾಗಿದೆ ಎಂಬ ಶೇಕಡಾವಾರು ಅಂಕಿ ಮತ್ತು ಒಟ್ಟು ಬರೆದ ಗಾತ್ರ. ಚಿಕ್ಕ ಪಟ್ಟಿಯಂಥ ಎಂ.2 ಆಕಾರದವುಗಳಲ್ಲಿ 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅದು ಗಾತ್ರ ಮಾತ್ರ. ಅದು ಬೋರ್ಡಿನ ಜೊತೆ ಮಾತಾಡುವುದು ಸಾಟಾ ಭಾಷೆಯೋ ಎನ್‌ವಿಎಂಇ ಭಾಷೆಯೋ ಎಂಬುದನ್ನು ಬೇರೆಯಾಗಿ ಹೇಳಲೇಬೇಕು, ಸಾಟಾ ಮಾತ್ರ ಬಲ್ಲ ಸ್ಲಾಟಿನಲ್ಲಿ ಎನ್‌ವಿಎಂಇ ನಡೆಯದು.

ಅಳಿಸುವ ವಿಧಾನವೂ ಎರಡಕ್ಕೂ ಬೇರೆ. ತಿರುಗುವ ಡಿಸ್ಕಿಗೆ ವಿಂಡೋಸ್‌ನ ಡಿಸ್ಕ್‌ಪಾರ್ಟ್‌ನಲ್ಲಿರುವ ‘ಕ್ಲೀನ್ ಆಲ್’ ಆಜ್ಞೆ ಪ್ರತಿ ಸೆಕ್ಟರಿಗೂ ಸೊನ್ನೆ ಬರೆಯುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಕೆಟ್ಟ ಸೆಕ್ಟರ್ ಇದ್ದರೆ ಆಗಲೇ ಹೊರಬೀಳುತ್ತದೆ, ಹಾಗಾಗಿ ಮುಗಿದ ಮೇಲೆ ಸ್ಮಾರ್ಟ್ ದಾಖಲೆಯನ್ನು ಇನ್ನೊಮ್ಮೆ ಓದಿ. ಆಜ್ಞೆ ಕೊಡುವ ಮುಂಚೆ ಆರಿಸಿರುವುದು ಸರಿಯಾದ ಡಿಸ್ಕೇ ಎಂದು ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. ಎಸ್‌ಎಸ್‌ಡಿ ತನ್ನೊಳಗೆ ಜಾಗ ಬದಲಿಸುತ್ತಲೇ ಇರುವುದರಿಂದ ಮೇಲೆ ಬರೆದು ಅಳಿಸುವುದು ಪೂರ್ತಿ ಆಗುವುದಿಲ್ಲ. ತಯಾರಕರ ತಂತ್ರಾಂಶದಲ್ಲೋ ಕೆಲವು ಬಯೋಸ್‌ಗಳಲ್ಲೋ ಇರುವ ಸೆಕ್ಯೂರ್ ಇರೇಸ್ ಅನ್ನೇ ಬಳಸಬೇಕು.

ಪರದೆ

ಮೊದಲು ಯಂತ್ರಕ್ಕೆ ಹೊರಗಿನ ಮಾನಿಟರ್ ಅಥವಾ ಟಿವಿ ಜೋಡಿಸಿ. ಅಲ್ಲಿ ಚಿತ್ರ ಸರಿಯಾಗಿ ಬಂದರೆ ದೋಷ ಪರದೆಯಲ್ಲೋ, ಅದರ ಕೇಬಲ್ಲಿನಲ್ಲೋ, ಕೇಬಲ್ ಸೇರುವ ಜಾಗದಲ್ಲೋ ಇದೆ. ಅಲ್ಲೂ ಗೆರೆಗಳೇ ಬಂದರೆ ಗ್ರಾಫಿಕ್ಸ್ ಕೆಟ್ಟಿದೆ, ಪರದೆಯನ್ನು ಒಳ್ಳೆಯದೆಂದೇ ಭಾವಿಸಿ ಮುಂದುವರಿಯಬಹುದು. ಕತ್ತಲಾದ ಪರದೆಗೆ ಟಾರ್ಚನ್ನು ಓರೆಯಾಗಿ ಬಿಟ್ಟಾಗ ಒಳಗೆ ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್. ಮುಚ್ಚಳ ತೆರೆದು ಮುಚ್ಚುವಾಗ ಚಿತ್ರ ಬಂದುಹೋದರೆ ಹಿಂಜ್ ಬಳಿ ಕೇಬಲ್ ತುಂಡಾಗಿದೆ. ಎಲ್ಲ ಕೋನದಲ್ಲೂ ಅಲುಗದೆ ನಿಂತಿರುವ ಉದ್ದ ಗೆರೆ ಪರದೆಯದೇ, ಅದಕ್ಕೆ ಮದ್ದಿಲ್ಲ.

ಪರದೆ ಕಳಚುವಾಗಿನ ಒಂದು ಎಚ್ಚರಿಕೆಯನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಬ್ಯಾಟರಿಯ ಕನೆಕ್ಟರ್ ಬಿಡಿಸದೆ ಪರದೆಯ ಕೇಬಲ್ ಎಳೆದರೆ, ಬ್ಯಾಕ್‌ಲೈಟಿನ ವಿದ್ಯುತ್ ಪಿನ್ ಪಕ್ಕದ ಪಿನ್ನಿಗೆ ತಗುಲಿ ಬೋರ್ಡಿನ ಮೇಲಿನ ಫ್ಯೂಸ್ ಹಾರಿಹೋಗಬಹುದು. ಆಮೇಲೆ ಯಾವ ಒಳ್ಳೆಯ ಪರದೆ ಹಾಕಿದರೂ ಕತ್ತಲೆಯೇ, ಒಳ್ಳೆಯ ಪರದೆಗೂ ಕೆಟ್ಟ ಹೆಸರು.

ಗಿರಾಕಿಗೆ ಬೇಕಾಗಿರುವುದು ಲ್ಯಾಪ್‌ಟಾಪಿನ ಹೆಸರಲ್ಲ, ಪರದೆಯ ಬೆನ್ನಿನ ಚೀಟಿಯಲ್ಲಿರುವ ಸಂಖ್ಯೆ. ಎನ್‌156, ಬಿ156, ಎಲ್‌ಪಿ156 ಎಂದು ಶುರುವಾಗುವ ಸಂಖ್ಯೆಗಳಲ್ಲಿ 156 ಎಂದರೆ 15.6 ಇಂಚು. ಇದರ ಜೊತೆಗೆ ಕನೆಕ್ಟರ್ 30 ಪಿನ್ನಿನದೋ 40 ಪಿನ್ನಿನದೋ, ಸ್ಕ್ರೂ ಕಿವಿಗಳು ಎಲ್ಲಿವೆ, ಮೈ ಹೊಳೆಯುವುದೋ ಮಾಸಲೋ ಎಂಬುದನ್ನು ಬರೆಯಬೇಕು. ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ತೆರೆಗಳನ್ನು ಒಂದರ ಹಿಂದೆ ಒಂದು ತೋರಿಸಿ ಸತ್ತ ಚುಕ್ಕೆ ಹುಡುಕಿ. ನಮ್ಮ ಕಡೆಯ ಪರದೆಗಳಲ್ಲಿ ಬಿಳಿ ತೆರೆಯನ್ನು ಎರಡು ಸಲ ನೋಡಬೇಕು, ತೇವದ ಕಲೆ ಕಾಣುವುದು ಅದರಲ್ಲೇ.

ಬ್ಯಾಟರಿ

ಉಬ್ಬಿದ ಬ್ಯಾಟರಿಗೆ ಪರೀಕ್ಷೆ ಇಲ್ಲ, ಮಾರಾಟವೂ ಇಲ್ಲ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಸರಿಯಾಗಿ ಕೂರದಿದ್ದರೆ ಅದರ ಕೆಳಗೆ ಬ್ಯಾಟರಿ ಉಬ್ಬಿದೆ ಎಂದೇ ತಿಳಿಯಿರಿ. ಚುಚ್ಚದೆ, ಬಾಗಿಸದೆ, ಲೋಹದ ಉಪಕರಣ ತಾಗಿಸದೆ ತೆಗೆದು, ಹೊತ್ತಿಕೊಳ್ಳುವ ವಸ್ತುಗಳಿಂದ ದೂರ ಇಡಬೇಕು. ತೆಗೆದ ಮೇಲೆ ಚಾರ್ಜ್ ಮಾಡಿ ನೋಡುವ ಆಸೆ ಬೇಡ.

ಉಬ್ಬದಿರುವುದನ್ನು ಹೊಂದುವ ಯಂತ್ರದಲ್ಲಿ ಹಾಕಿ, ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಆಜ್ಞೆಯಿಂದ ಬ್ಯಾಟರಿ ವರದಿ ತೆಗೆಯಬೇಕು. ಅದರಲ್ಲಿ ಹೊಸದಿದ್ದಾಗಿನ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. ಮೊದಲನೆಯದರ ಮುಕ್ಕಾಲು ಭಾಗಕ್ಕಿಂತ ಕೆಳಗಿಳಿದ ಬ್ಯಾಟರಿಯನ್ನು ನಾನಂತೂ ಮಾರುವುದಿಲ್ಲ. ಬರೀ ಮಲ್ಟಿಮೀಟರಿನಿಂದ ಬ್ಯಾಟರಿಯನ್ನು ತೂಗುವುದು ಸರಿಯಲ್ಲ: ಹಲವು ಪ್ಯಾಕ್‌ಗಳು ಯಂತ್ರಕ್ಕೆ ಜೋಡಿಸದ ಹೊರತು ತುದಿಯಲ್ಲಿ ವೋಲ್ಟೇಜನ್ನೇ ಬಿಡುವುದಿಲ್ಲ. ಸೆಲ್‌ಗಳ ವೋಲ್ಟೇಜ್ 2.5ಕ್ಕಿಂತ ಕೆಳಗೆ ಹೋಗಿ ತಿಂಗಳುಗಟ್ಟಲೆ ಬಿದ್ದಿದ್ದ ಪ್ಯಾಕನ್ನು ಹೊರಗಿನಿಂದ ಚಾರ್ಜ್ ಕೊಟ್ಟು ಎಬ್ಬಿಸುವ ವಿದ್ಯೆ ಕೆಲವರಿಗೆ ಗೊತ್ತಿದೆ. ಅದು ಬೆಂಕಿಯ ಜೊತೆಗಿನ ಆಟ.

ಉಳಿದ ಭಾಗಗಳು

ಕೀಬೋರ್ಡಿಗೆ ಪ್ರತಿ ಕೀ ಒತ್ತಿ ತೋರಿಸುವ ತಂತ್ರಾಂಶ ಸಾಕು; ಒಂದು ಸಾಲು ಪೂರ್ತಿ ಸತ್ತಿದ್ದರೆ ರಿಬ್ಬನ್ ಕೇಬಲ್ ಸರಿಯಾಗಿ ಕೂತಿಲ್ಲದಿರಬಹುದು, ತೆಗೆದು ಹಾಕಿ. ಫ್ಯಾನ್ ಬಹುತೇಕ ಯಂತ್ರಗಳಲ್ಲಿ 5 ವೋಲ್ಟಿನದು, ಕೆಲವು ಗೇಮಿಂಗ್ ಯಂತ್ರಗಳಲ್ಲಿ 12, ಮೈಮೇಲೆ ಬರೆದಿರುತ್ತದೆ. ವೈಫೈ ಕಾರ್ಡಿನಲ್ಲಿ ಒಂದು ಸೂಕ್ಷ್ಮವಿದೆ: ಇಂಟೆಲ್ ಎಎಕ್ಸ್200 ಸಾಮಾನ್ಯ ಸ್ಲಾಟಿನಲ್ಲಿ ನಡೆಯುತ್ತದೆ, ನೋಡಲು ಅದರಂತೆಯೇ ಇರುವ ಎಎಕ್ಸ್201 ಮಾತ್ರ ಅದಕ್ಕೆ ಹೊಂದುವ ಇಂಟೆಲ್ ಬೋರ್ಡುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ, ಎಎಂಡಿ ಯಂತ್ರದಲ್ಲಂತೂ ಇಲ್ಲವೇ ಇಲ್ಲ. ಹಿಂಜ್, ತಳದ ಮುಚ್ಚಳ, ಸ್ಪೀಕರ್‌ಗಳನ್ನು ಕಣ್ಣಲ್ಲಿ ನೋಡಿದರೆ ಸಾಕು, ಆದರೆ ಎಸೆಯಬೇಡಿ. ಒಡೆದ ಹಿಂಜ್ ಇಟ್ಟುಕೊಂಡು ಹುಡುಕುತ್ತಿರುವವರು ಯಾವಾಗಲೂ ಇರುತ್ತಾರೆ.

ಬೆಲೆ, ಬರಹ, ರವಾನೆ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಲುಗಳ ದುರಸ್ತಿ ಅಂಗಡಿಗಳಲ್ಲಿ ಕೈಗೆ ಕೈ ಹೋಗುವುದು ಚಾರ್ಜರ್, ರ‍್ಯಾಮ್, ಡಿಸ್ಕ್ ಮತ್ತು ಸಾಮಾನ್ಯ ಮಾದರಿಯ ಕೀಬೋರ್ಡ್. ಮದರ್‌ಬೋರ್ಡಿಗೆ, ಅಪರೂಪದ ಪರದೆಗೆ ಸ್ಥಳೀಯ ಗಿರಾಕಿಯನ್ನು ಕಾಯುವುದು ವ್ಯರ್ಥ. ಅವು ಬೆಂಗಳೂರಿನ ಎಸ್‌.ಪಿ. ರಸ್ತೆಯ ವ್ಯಾಪಾರಿಗಳಿಗೋ ದೂರದ ಗಿರಾಕಿಗಳಿಗೋ ಹೋಗಬೇಕು. ಮಾದರಿ ಬಹಳ ಓಡುವಂಥದ್ದಾಗಿದ್ದು ಪರದೆ, ಮೈ ಎಲ್ಲ ಚೆನ್ನಾಗಿದ್ದರೆ, ಬಿಚ್ಚದೆ ಇಡಿಯಾಗಿ ‘ಬೋರ್ಡ್ ಕೆಟ್ಟಿದೆ’ ಎಂದು ಮಾರುವುದೇ ಲಾಭವಾಗುವುದುಂಟು, ಬಿಚ್ಚುವ ಶ್ರಮವೂ ಉಳಿಯುತ್ತದೆ.

ಬೇರೆ ಊರಿನ ದುರಸ್ತಿಗಾರ ಹುಡುಕುವುದು ಭಾಗದ ಸಂಖ್ಯೆಯಿಂದ: ಎಚ್‌ಪಿಯಲ್ಲಿ ಸ್ಪೇರ್ ನಂಬರ್, ಡೆಲ್‌ನಲ್ಲಿ ಡಿಪಿ/ಎನ್, ಲೆನೊವೊದಲ್ಲಿ ಎಫ್‌ಆರ್‌ಯು. ಇದನ್ನು ಬರೆಯದ ಜಾಹೀರಾತು ಅವನ ಕಣ್ಣಿಗೇ ಬೀಳುವುದಿಲ್ಲ. ಅದರ ಕೆಳಗೆ ಯಂತ್ರ ಕೆಟ್ಟ ಕಾರಣ, ಮಾಡಿದ ಪರೀಕ್ಷೆ, ಕಂಡ ಫಲಿತಾಂಶ, ಇರುವ ಕೊರತೆ ಇಷ್ಟನ್ನು ನೇರವಾಗಿ ಬರೆಯಿರಿ. ‘ಕಾಫಿ ಚೆಲ್ಲಿ ಕೀಬೋರ್ಡ್ ಹೋದ ಯಂತ್ರದ ರ‍್ಯಾಮ್, ಮೆಮ್‌ಟೆಸ್ಟ್‌ನಲ್ಲಿ ದೋಷವಿಲ್ಲ’ ಎಂಬ ಸಾಲು ‘ಸೂಪರ್ ಕಂಡಿಷನ್’ ಎಂಬುದಕ್ಕಿಂತ ಬೇಗ ಗಿರಾಕಿಯನ್ನು ತರುತ್ತದೆ. ಪರೀಕ್ಷೆ ಮಾಡಲಾಗದ ಭಾಗವನ್ನು ಪರೀಕ್ಷಿಸಿಲ್ಲ ಎಂದೇ ಹೇಳಿ, ಅದಕ್ಕೆ ತಕ್ಕ ಬೆಲೆ ಇಡಬೇಕು. ಬೋರ್ಡಿಗೆ ಬಯೋಸ್ ಪಾಸ್‌ವರ್ಡ್ ಇದ್ದರೆ ಮುಚ್ಚಿಡಬೇಡಿ.

ಚೆಕಿಂಗ್ ವಾರಂಟಿ ಎಂದು ಮಾರುಕಟ್ಟೆಯಲ್ಲಿ ಕರೆಯುವ ಕೆಲವು ದಿನಗಳ ಗಡುವನ್ನು ಕೊಡುವುದು ವಾಡಿಕೆ. ಮಳೆಗಾಲದಲ್ಲಿ ಗುಡ್ಡ ಜರಿದು ಸಂಪಾಜೆ ಘಾಟಿ ಮುಚ್ಚಿದರೆ ಮಂಗಳೂರು ಕಡೆಗೆ ಹೊರಟ ಪಾರ್ಸೆಲ್ ಎಲ್ಲೋ ಕೂತಿರುತ್ತದೆ; ಆದ್ದರಿಂದ ಗಡುವನ್ನು ಕಳಿಸಿದ ದಿನದಿಂದಲ್ಲ, ಗಿರಾಕಿಯ ಕೈಸೇರಿದ ದಿನದಿಂದ ಎಣಿಸುವುದು ನ್ಯಾಯ. ಕಳಿಸುವ ಮುಂಚೆ ಸೀರಿಯಲ್ ನಂಬರಿನ ಫೋಟೋ ತೆಗೆದು, ಕಾಣದ ಮೂಲೆಯಲ್ಲಿ ಪೆನ್ನಿನಿಂದ ಒಂದು ಗುರುತು ಮಾಡಿಡಿ, ವಾಪಸು ಬಂದದ್ದು ನಿಮ್ಮದೇ ಮಾಲು ಎಂದು ತಿಳಿಯಬೇಕಲ್ಲ.

ಬೋರ್ಡ್ ಮತ್ತು ರ‍್ಯಾಮ್‌ಗಳನ್ನು ಆಂಟಿಸ್ಟ್ಯಾಟಿಕ್ (ಸ್ಥಿರ ವಿದ್ಯುತ್ ತಡೆಯುವ) ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆಗೆ ಹಾಕಿ, ಹೊರಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹಚ್ಚಬೇಕು. ಪರದೆಯನ್ನು ಎರಡು ಗಟ್ಟಿ ರಟ್ಟುಗಳ ನಡುವೆ ಇಟ್ಟು, ಮುಖದ ಮೇಲೆ ಏನೂ ಒತ್ತದಂತೆ ಕಟ್ಟಬೇಕು. ಬಿಡಿ ಲಿಥಿಯಂ ಬ್ಯಾಟರಿಯನ್ನು ಅಂಚೆಯಲ್ಲಿ ಬೇರೆ ಹೆಸರು ಬರೆದು ಕಳಿಸುವುದು ತಪ್ಪು, ಅಪಾಯ ಕೂಡ. ಅದನ್ನು ಕೈಯಿಂದ ಕೈಗೆ ಮಾತ್ರ ಮಾರಿ.

ಇಷ್ಟಾದ ಮೇಲೂ ಸುಟ್ಟ ಬೋರ್ಡು, ಒಡೆದ ಪರದೆ, ಉಬ್ಬಿದ ಬ್ಯಾಟರಿ ಉಳಿಯುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಬೋರ್ಡು ಮತ್ತು ಪರದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಬ್ಯಾಟರಿ, ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಚಿನ್ನ ತೆಗೆಯುತ್ತೇವೆಂದು ಆಮ್ಲದಲ್ಲಿ ಅದ್ದುವವರಿಗೂ, ತಾಮ್ರಕ್ಕಾಗಿ ತೋಟದ ಮೂಲೆಯಲ್ಲಿ ತಂತಿ ಸುಡುವವರಿಗೂ ಕೊಡಬೇಡಿ, ಆ ನೀರು ಹೋಗುವುದು ಕೆಳಗಿನ ಗದ್ದೆಗೆ. ಒಂದು ಡಬ್ಬದಲ್ಲಿ ಬೋರ್ಡುಗಳನ್ನು, ಇನ್ನೊಂದು ಲೋಹದ ಡಬ್ಬದಲ್ಲಿ ತುದಿಗಳಿಗೆ ಟೇಪ್ ಹಚ್ಚಿದ ಬ್ಯಾಟರಿಗಳನ್ನು ಮರಳು ಹಾಕಿ ಬೇರೆಬೇರೆ ಇಟ್ಟುಕೊಂಡು, ತುಂಬಿದಾಗ ಕೊಟ್ಟು ರಸೀದಿ ಪಡೆಯಿರಿ.